ರಕ್ತವಾಂತಿಯ ಬಣ್ಣ ನೋಡಿ ಕಾಯಿಲೆ ಹೇಳಬಹುದೇ? ಎಂಡೋಸ್ಕೋಪಿಗೆ ಮೊದಲು ವೈದ್ಯರು ಕಾರಣವನ್ನು ಹೇಗೆ ಅಂದಾಜು ಮಾಡುತ್ತಾರೆ

ವಾಟ್ಸ್‌ಆ್ಯಪ್ ಬರುವ ಮೊದಲು ದೇವರ ಹೆಸರಿನಲ್ಲಿ ಅಚ್ಚು ಹಾಕಿಸಿದ ಕರಪತ್ರಗಳು ಬಸ್‌ಸ್ಟ್ಯಾಂಡು, ಶಾಲೆ, ಗುಡಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಇಷ್ಟು ಜನರಿಗೆ ಹಂಚಿದರೆ ಒಳ್ಳೆಯದಾಗುತ್ತದೆ, ಹರಿದು ಹಾಕಿದರೆ ರಕ್ತ ಕಾರಿ ಸಾಯುತ್ತೀರಿ ಎಂಬುದು ಅವುಗಳ ಖಾಯಂ ಒಕ್ಕಣೆ. ನಮ್ಮ ಮಾತಿನಲ್ಲಿ ರಕ್ತ ಕಾರುವುದು ಕಾಯಿಲೆ ಎನಿಸಿಕೊಳ್ಳುವುದಕ್ಕೂ ಮೊದಲು ಶಾಪವಾಗಿತ್ತು. ಮನೆಯಲ್ಲಿ ಯಾರಾದರೂ ನಿಜವಾಗಿ ರಕ್ತ ವಾಂತಿ ಮಾಡಿದಾಗ ಎಲ್ಲರ ಕೈಕಾಲು ತಣ್ಣಗಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ಬೆದರಿಕೆಯ ಜಾಗಕ್ಕೆ ಸಲಹೆ ಬಂದಿದೆ. ಕೆಂಪಗಿದ್ದರೆ ಅಲ್ಸರ್, ಕಪ್ಪಗಿದ್ದರೆ ಕ್ಯಾನ್ಸರ್, ತಣ್ಣನೆಯ ಹಾಲು ಕುಡಿಸಿದರೆ ನಿಲ್ಲುತ್ತದೆ, ಆಸ್ಪತ್ರೆಗೆ ಹೋದರೆ ಸುಮ್ಮನೆ ಪೈಪು ಹಾಕಿ ದುಡ್ಡು ಕೀಳುತ್ತಾರೆ ಎನ್ನುವ ಧಾಟಿಯ ಸಂದೇಶಗಳು ಆರೋಗ್ಯದ ಗುಂಪುಗಳಲ್ಲಿ ತಿರುಗುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ ಎಂದು ನಾವು ಪರಿಶೀಲಿಸಿದೆವು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬಣ್ಣವೊಂದನ್ನೇ ನೋಡಿ ಕಾರಣ ಹೇಳಲಾಗುವುದಿಲ್ಲ. ಆದರೆ ಎಂಡೋಸ್ಕೋಪಿ ಮಾಡುವ ಮೊದಲೇ ವೈದ್ಯರು ಕಾರಣವನ್ನು ಅಂದಾಜು ಮಾಡುವುದು ನಿಜ, ಮೊದಲ ಔಷಧಿ ಕೊಡುವುದೂ ಆ ಅಂದಾಜಿನ ಮೇಲೆಯೇ. ಅದಕ್ಕೆ ಬೇಕಾದ ಮಾಹಿತಿಯಲ್ಲಿ ಬಹುಪಾಲು ಇರುವುದು ಮನೆಯವರ ಬಳಿ.

ನೀವು ಇದನ್ನು ಓದುತ್ತಿರುವಾಗಲೇ ಮನೆಯಲ್ಲಿ ಯಾರಾದರೂ ರಕ್ತ ವಾಂತಿ ಮಾಡಿದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಯಾಪಲದಿನ್ನಿಯ ಒಂದು ರಾತ್ರಿ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿ ನೆರೆಯ ತೆಲುಗು ರಾಜ್ಯಗಳ ಗಡಿಗೆ ಹತ್ತಿರದ ಹೋಬಳಿ ಊರು. ಅಲ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಹತ್ತಿ ಬಿಡಿಸುವ ದಿನಗಳು. ಐವತ್ತೈದು ವರ್ಷದ ಹಿರಿಯರು ರಾತ್ರಿ ಊಟವಾದ ಮೇಲೆ ಹೊಟ್ಟೆ ತೊಳಸುತ್ತದೆ ಎಂದು ಎದ್ದು ಹೋಗಿ ಅಂಗಳದಲ್ಲಿ ಒಂದು ಚೊಂಬಿನಷ್ಟು ವಾಂತಿ ಮಾಡುತ್ತಾರೆ. ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಕಾಫಿಪುಡಿಯಂಥ ಕರಿ ಚೂರು, ನಡುವೆ ಕೆಂಪು. ಗಾಡಿ ಹಿಡಿದು ರಾಯಚೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಡುರಾತ್ರಿ ದಾಟಿದೆ.

ಡ್ಯೂಟಿ ಡಾಕ್ಟರ್ ನಾಡಿ ಹಿಡಿದುಕೊಂಡೇ ಕೇಳುತ್ತಾರೆ: "ಮೊದಲಿಂದ ಏನಾರ ಗುಳಿಗಿ ತಗೊಂತಿದ್ರೇನು?"

ಮಗ ಹೇಳುತ್ತಾನೆ: "ಏನೂ ಇಲ್ರೀ ಸರ, ಗಟ್ಟಿ ಇದ್ರು."

"ಕುಡಿಯೋದು?"

"ಛೇ, ಇಲ್ರೀ."

ಹಿಂದೆ ಸೆರಗು ಹಿಡಿದು ನಿಂತ ಸೊಸೆಗೆ ಎರಡಕ್ಕೂ ಉತ್ತರ ಗೊತ್ತು. ಮೊಣಕಾಲು ನೋವಿಗೆ ದಿನಾ ಎರಡು ಗುಳಿಗೆ ತಂದುಕೊಡುತ್ತಿದ್ದವಳು ಅವಳೇ. ಸಂಜೆ ಮಾವ ಎಲ್ಲಿ ಕೂತು ಬರುತ್ತಾರೆ ಎನ್ನುವುದೂ ಅವಳಿಗೆ ಗೊತ್ತು. ಆದರೆ ಗಂಡ ಉತ್ತರ ಕೊಟ್ಟಾದ ಮೇಲೆ, ಮಾವ ಎದುರಿಗೇ ಮಲಗಿರುವಾಗ, ಅವಳು ಬಾಯಿ ಬಿಡುವುದು ಹೇಗೆ?

ಇದು ನಾವು ಕಟ್ಟಿದ ಸನ್ನಿವೇಶ, ಯಾರ ಮನೆಯ ಕಥೆಯೂ ಅಲ್ಲ. ಆದರೆ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಂದು ರಾತ್ರಿ ಕಳೆದವರು ಇದನ್ನು ಗುರುತಿಸಿಯೇ ಗುರುತಿಸುತ್ತಾರೆ. ಆ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ. ಎರಡಕ್ಕೂ ತಪ್ಪು ಉತ್ತರ ಸಿಕ್ಕಿದೆ.

ಬಣ್ಣ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗ, ಈ ಮೂರರಲ್ಲಿ ಎಲ್ಲಿ ರಕ್ತ ಸೋರಿದರೂ ಅದು ಮೇಲ್ಭಾಗದ ಜೀರ್ಣಾಂಗದ ರಕ್ತಸ್ರಾವ. ಸೋರಿದ ರಕ್ತ ಜಠರದ ಆಮ್ಲದಲ್ಲಿ ಸ್ವಲ್ಪ ಹೊತ್ತು ನಿಂತರೆ ಹಿಮೊಗ್ಲೋಬಿನ್ ಮಾರ್ಪಟ್ಟು ಕಂದು, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಕಾಫಿಪುಡಿಯಂಥ ವಾಂತಿ ಆಗುವುದು ಹೀಗೆ. ಆಮ್ಲದಲ್ಲಿ ನಿಲ್ಲಲು ಪುರಸೊತ್ತಿಲ್ಲದಷ್ಟು ಜೋರಾಗಿ ಸೋರಿದರೆ ಕೆಂಪಾಗಿಯೇ ಹೊರಬರುತ್ತದೆ.

ಅಂದರೆ ಬಣ್ಣದಿಂದ ತಿಳಿಯುವುದು ರಕ್ತ ಎಷ್ಟು ಜೋರಾಗಿ, ಎಷ್ಟು ಹೊತ್ತಿನ ಹಿಂದೆ ಸೋರಿತು ಎಂಬುದರ ಸುಳಿವು ಮಾತ್ರ. ಅದೇ ಅಲ್ಸರ್ ನಿಧಾನವಾಗಿ ಸೋರಿದಾಗ ಕಪ್ಪು, ರಕ್ತನಾಳ ತೆರೆದುಕೊಂಡಾಗ ಕೆಂಪು. ಕಪ್ಪೆಂದರೆ ಕ್ಯಾನ್ಸರ್ ಎನ್ನುವುದಕ್ಕೆ ಆಧಾರವಿಲ್ಲ.

ಕೆಳಗಿನಿಂದ ಹೋಗುವ ರಕ್ತದ ಮಾತು ಇನ್ನೂ ಮುಖ್ಯ, ಏಕೆಂದರೆ ಅದನ್ನು ಜನ ಗಮನಿಸುವುದೇ ಕಡಿಮೆ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಮಲ ಹೋದರೆ ಅದು ಜೀರ್ಣವಾದ ರಕ್ತ. ವಾಂತಿಯೇ ಆಗದೆ ಎರಡು ಮೂರು ದಿನ ಹೀಗೆ ಹೋಗಿ, ಒಂದು ಬೆಳಿಗ್ಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವವರಿದ್ದಾರೆ. ಬಯಲಿಗೆ ಹೋಗುವವರು, ಕತ್ತಲಲ್ಲಿ ಹೋಗಿ ಬರುವವರು ಇದನ್ನು ನೋಡಿರುವುದೇ ಇಲ್ಲ. ಮಲದಲ್ಲಿ ಕೆಂಪು ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಳ್ಳುವುದು ಸಾಮಾನ್ಯ. ಆದರೆ ಮೇಲಿನಿಂದ ಬಹಳ ಜೋರಾಗಿ ಸೋರಿದ ರಕ್ತವೂ ಕೆಂಪಾಗಿಯೇ ಕೆಳಗಿಳಿಯಬಲ್ಲದು. ಅಂಥ ಹೊತ್ತಿನಲ್ಲಿ ಮೈ ಬೆವರಿ ನಾಡಿ ಓಡುತ್ತಿರುತ್ತದೆ.

ಇನ್ನು ಕೆಲವು ಸುಳ್ಳು ರಕ್ತಗಳು. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆ ತಿಂದರೆ ಮಲ ಕಪ್ಪಾಗುತ್ತದೆ, ಆದರೆ ಡಾಂಬರಿನ ಅಂಟು, ಆ ದುರ್ವಾಸನೆ ಇರುವುದಿಲ್ಲ. ಇದನ್ನು ನೋಡಿ ಹೆದರಿ ಗುಳಿಗೆ ಬಿಡಬೇಡಿ. ಬೀಟ್‌ರೂಟ್ ಕೆಂಪಾಗಿಸುತ್ತದೆ. ಪುಂಡಿಪಲ್ಯದಂಥ ಸೊಪ್ಪು ಹೆಚ್ಚು ತಿಂದಾಗ ಕಡು ಹಸಿರು ಬಣ್ಣ ಮಬ್ಬು ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಎಲೆಅಡಿಕೆ ಜಗಿಯುವವರ ವಾಂತಿಯ ಬಗ್ಗೆ ಹೇಳಬೇಕಾಗಿಲ್ಲ. ರಾತ್ರಿ ಮೂಗಿನಿಂದ ಸೋರಿ ನುಂಗಿದ ರಕ್ತವನ್ನು ಬೆಳಿಗ್ಗೆ ವಾಂತಿ ಮಾಡುವ ಮಕ್ಕಳಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಬೇರೆ ಮಾಡಿ ನೋಡಬೇಕಾದದ್ದು ಕೆಮ್ಮಿನ ಜೊತೆ ಬರುವ ರಕ್ತ. ಅದು ನೊರೆನೊರೆಯಾಗಿ, ಹೆಚ್ಚಾಗಿ ಕೆಂಪಾಗಿ, ಕಫದೊಂದಿಗೆ ಬರುತ್ತದೆ. ಅದು ಶ್ವಾಸಕೋಶದ್ದು. ಕ್ಷಯ ಇನ್ನೂ ಇರುವ ನಮ್ಮ ಕಡೆ ಈ ವ್ಯತ್ಯಾಸ ಚಿಕ್ಕದಲ್ಲ. ಕೆಮ್ಮಿ ಬಂತೋ, ಓಕರಿಸಿ ಬಂತೋ ಎಂಬುದನ್ನು ನೋಡಿದವರೇ ಹೇಳಬೇಕು.

ಮೊದಲ ಪ್ರಶ್ನೆ: ಯಾವ ಗುಳಿಗೆ?

ಮೇಲ್ಭಾಗದ ರಕ್ತಸ್ರಾವಕ್ಕೆ ಜಗತ್ತಿನಾದ್ಯಂತ ಅತಿ ಸಾಮಾನ್ಯ ಕಾರಣಗಳಲ್ಲಿ ಜಠರ ಮತ್ತು ಸಣ್ಣ ಕರುಳಿನ ಹುಣ್ಣು ಒಂದು. ಆ ಹುಣ್ಣಿಗೆ ಎರಡು ದೊಡ್ಡ ಕಾರಣಗಳಿವೆ: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಗುಳಿಗೆಗಳು.

ಖಾರ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಮೆಣಸಿನಕಾಯಿ ಬೆಳೆದು, ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿ ತಿನ್ನುವ ನಾಡಿಗೆ ಈ ಮಾತು ಹೇಳಲೇಬೇಕು. ಖಾರ ಉರಿ ತರಬಹುದು, ಇದ್ದ ಹುಣ್ಣಿನ ನೋವನ್ನು ನೆನಪಿಸಬಹುದು, ಆದರೆ ಹುಣ್ಣು ಹುಟ್ಟಲು ಅದು ಕಾರಣವಲ್ಲ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. ಮಾನಸಿಕ ಒತ್ತಡ, ಖಾರ ಎಂದು ನಂಬಿದ್ದ ವೈದ್ಯಲೋಕ ನಿಧಾನವಾಗಿ ಒಪ್ಪಿಕೊಂಡಿತು. 2005ರಲ್ಲಿ ಅವರಿಗೂ ರಾಬಿನ್ ವಾರನ್ ಅವರಿಗೂ ನೊಬೆಲ್ ಬಂತು. ನಮ್ಮ ಫಾರ್ವರ್ಡ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನೋವಿನ ಗುಳಿಗೆಯ ಕಥೆ ಬೇರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಆಸ್ಪಿರಿನ್ ಇವೆಲ್ಲ ನೋವು ತರುವ ರಾಸಾಯನಿಕವನ್ನು ತಡೆಯುತ್ತವೆ. ಅದೇ ಗುಂಪಿನ ರಾಸಾಯನಿಕ ಜಠರದ ಒಳಪದರಕ್ಕೆ ಕಾವಲು ಕೂಡ. ನೋವು ನಿಂತಂತೆ ಕಾವಲೂ ನಿಲ್ಲುತ್ತದೆ. ಹಾಗಾಗಿ ಇಂಜೆಕ್ಷನ್ ಮಾಡಿಸಿಕೊಂಡರೆ ಹೊಟ್ಟೆಗೆ ಏನೂ ಆಗುವುದಿಲ್ಲ ಎನ್ನುವುದು ಸುಳ್ಳು. ಸೊಂಟಕ್ಕೆ ಚುಚ್ಚಿದ ಔಷಧಿಯೂ ರಕ್ತದ ಮೂಲಕ ಅಲ್ಲಿಗೇ ಹೋಗಿ ಅದನ್ನೇ ಮಾಡುತ್ತದೆ. ಸ್ಟೀರಾಯ್ಡ್ ಗುಳಿಗೆ ಜೊತೆಗೆ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಮೈಕೈ ನೋವಿಗೆಂದು ಕಾಗದದಲ್ಲಿ ಕಟ್ಟಿಕೊಡುವ ಮೂರು ಬಣ್ಣದ ಗುಳಿಗೆಗಳಲ್ಲಿ ಇವೆರಡೂ ಇರುವುದುಂಟು. ಪ್ಯಾರಾಸಿಟಮಾಲ್ ಹೀಗೆ ಹುಣ್ಣು ಮಾಡುವುದಿಲ್ಲ. ಅದು ಮಿತಿ ಮೀರಿದರೆ ಕೆಡುವುದು ಲಿವರ್.

ರಾಯಚೂರು, ದೇವದುರ್ಗ, ಮಾನ್ವಿಯ ಕಡೆಗೆ ಈ ಪ್ರಶ್ನೆ ಏಕೆ ಹೆಚ್ಚು ತೂಕದ್ದು ಎಂದು ನಾವು ಯೋಚಿಸಿದೆವು. ಬಗ್ಗಿ ಹತ್ತಿ, ಮೆಣಸಿನಕಾಯಿ ಬಿಡಿಸುವವರ ಸೊಂಟನೋವು ಒಂದು. ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ವರ್ಷಗಟ್ಟಲೆ ಅದನ್ನು ಕುಡಿದವರಿಗೆ ಹಲ್ಲಿನ ಕಲೆಯಷ್ಟೇ ಅಲ್ಲ, ಕೀಲು ಬಿಗಿದುಕೊಂಡು ಮೂಳೆಯೂ ನೋಯುತ್ತದೆ. ಅದಕ್ಕೆ ಸಿಗುವ ಮದ್ದು ಅದೇ ಅಂಗಡಿಯ ಅದೇ ಗುಳಿಗೆ. ನೀರಿನ ದೋಷ ಕೀಲಿಗೆ, ಕೀಲಿನ ನೋವು ಗುಳಿಗೆಗೆ, ಗುಳಿಗೆ ಜಠರಕ್ಕೆ ಹೀಗೆ ದಾಟಬಲ್ಲದು ಎನ್ನುವುದು ನಮ್ಮ ಅನುಮಾನ. ಇದನ್ನು ಅನುಮಾನವೆಂದೇ ಓದಿ.

ವಯಸ್ಸಾದವರಲ್ಲಿ, ನೋವಿನ ಗುಳಿಗೆ ತಿನ್ನುವವರಲ್ಲಿ ಹುಣ್ಣು ನೋವೇ ಕೊಡದೆ ನೇರವಾಗಿ ರಕ್ತ ಸುರಿಸಬಹುದು. ಹೊಟ್ಟೆನೋವು ಇರಲಿಲ್ಲ, ಆದ್ದರಿಂದ ಅಲ್ಸರ್ ಅಲ್ಲ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೃದಯಕ್ಕೆಂದು 75 ಮಿಲಿಗ್ರಾಂ ಆಸ್ಪಿರಿನ್, ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರ ವಿಷಯವನ್ನು ಬಿಡದೆ ಹೇಳಬೇಕು. ಅವನ್ನು ನಿಲ್ಲಿಸಬೇಕೋ, ಎಷ್ಟು ದಿನ ಎಂಬುದು ವೈದ್ಯರ ಲೆಕ್ಕ. ಈ ಲೇಖನ ಓದಿ ಯಾರೂ ಹೃದಯದ ಗುಳಿಗೆ ಬಿಡುವುದು ಬೇಡ.

ಎರಡನೇ ಪ್ರಶ್ನೆ: ಲಿವರ್ ಹೇಗಿದೆ?

ಜೀರ್ಣಾಂಗದಿಂದ ಬರುವ ರಕ್ತವೆಲ್ಲ ಲಿವರ್ ಮೂಲಕ ಹಾದು ಹೃದಯಕ್ಕೆ ಹೋಗಬೇಕು. ಲಿವರ್ ಗಟ್ಟಿಯಾಗಿ ಗಂಟುಗಂಟಾದರೆ ಆ ದಾರಿ ಬಿಗಿಯಾಗುತ್ತದೆ. ಕಾಲುವೆಗೆ ಅಡ್ಡ ಕಟ್ಟಿದರೆ ನೀರು ಪಕ್ಕದ ಹೊಲಗಾಲುವೆಗಳಿಗೆ ನುಗ್ಗುವುದನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ವಿವರಿಸಬೇಕಿಲ್ಲ. ರಕ್ತವೂ ಹಾಗೆಯೇ ಅನ್ನನಾಳದ ಕೆಳತುದಿಯ ಸಣ್ಣ ನಾಳಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಇವನ್ನು ವೇರಿಸಸ್ ಎನ್ನುತ್ತಾರೆ. ಅವುಗಳ ತೆಳು ಗೋಡೆ ಒಡೆದರೆ ನೋವಿಲ್ಲ, ಮುನ್ಸೂಚನೆಯಿಲ್ಲ. ಒಮ್ಮೆಲೇ ಬಾಯಿ ತುಂಬ ಕೆಂಪು ರಕ್ತ.

ಇದನ್ನು ಹೊರಗಿನಿಂದಲೇ ಅನುಮಾನಿಸುವ ದಾರಿಗಳಿವೆ. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು, ಕಾಲು ಬಾವು, ಕರಗಿದ ತೋಳು ತೊಡೆ, ಅಂಗೈ ಕೆಂಪು, ಎಡ ಪಕ್ಕೆಯ ಕೆಳಗೆ ಕೈಗೆ ಸಿಗುವ ದೊಡ್ಡ ಗುಲ್ಮ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ. ಎದೆಯ ಮೇಲೆ ಜೇಡನ ಕಾಲಿನಂತೆ ಹರಡಿದ ಕೆಂಪು ನಾಳಗಳನ್ನು ಪಠ್ಯಪುಸ್ತಕಗಳು ಮುಖ್ಯ ಗುರುತು ಎನ್ನುತ್ತವೆ. ಆ ಚಿತ್ರಗಳೆಲ್ಲ ಬಿಳಿ ಚರ್ಮದವು. ನಮ್ಮ ಬಣ್ಣದ ಮೈಯಲ್ಲಿ ಅವು ಸುಲಭಕ್ಕೆ ಕಾಣುವುದಿಲ್ಲ.

ಕುಡಿತದ ಪ್ರಶ್ನೆ ಬರುವುದು ಇಲ್ಲಿ. ವೈದ್ಯರು ಕೇಳುವಾಗ ಮನೆಯವರಿಗೆ ಮರ್ಯಾದೆಯ ಪ್ರಶ್ನೆಯಾಗಿ ಕೇಳಿಸುತ್ತದೆ. ಹಬ್ಬಕ್ಕೆ ಒಂದೀಟು, ಮೊದಲಿತ್ತು ಈಗ ಬಿಟ್ಟಿದ್ದಾರೆ ಎನ್ನುವ ಉತ್ತರಗಳು ಹುಟ್ಟುವುದು ಹಾಗೆ. ಬಿಟ್ಟು ಎಷ್ಟು ದಿನವಾಯಿತು ಎಂದರೆ ಮೊನ್ನೆ ಅಮಾವಾಸ್ಯೆ! ವೈದ್ಯರಿಗೆ ಬೇಕಾದದ್ದು ಎಷ್ಟು ವರ್ಷ, ದಿನಕ್ಕೆ ಎಷ್ಟು, ಕೊನೆಯ ಬಾರಿ ಯಾವಾಗ ಎಂಬ ಮೂರು ಸಂಗತಿ. ಕೊನೆಯದು ಕೂಡ ಮುಖ್ಯ, ಏಕೆಂದರೆ ದಿನವೂ ಕುಡಿಯುವವರು ಆಸ್ಪತ್ರೆ ಸೇರಿ ಕುಡಿತ ಏಕಾಏಕಿ ನಿಂತಾಗ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್ ಬರಬಹುದು.

ಇದರ ಇನ್ನೊಂದು ಮುಖವೂ ಇದೆ. ಲಿವರ್ ಗಟ್ಟಿಯಾದವರೆಲ್ಲ ಕುಡುಕರಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನೊಂದಿಗೆ ಬರುವ ಕೊಬ್ಬಿನ ಲಿವರ್ ಇವೂ ಅದೇ ಸ್ಥಿತಿಗೆ ತರುತ್ತವೆ. ಒಂದು ಹನಿ ಮುಟ್ಟದ ಹೆಂಗಸು ರಕ್ತ ಕಾರಿದಾಗ ಊರು ಆಡುವ ಮಾತು ಎಷ್ಟು ಕ್ರೂರವಾಗಿರಬಹುದು ಎಂದು ಬೇರೆ ಹೇಳಬೇಕೇ?

ಮಕ್ಕಳ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಆಡಿಕೊಂಡಿದ್ದ ಏಳೆಂಟು ವರ್ಷದ ಮಗು ಯಾವ ಕಾಯಿಲೆಯೂ ಇಲ್ಲದೆ ಬೋಗುಣಿ ತುಂಬ ರಕ್ತ ಕಾರುತ್ತದೆ. ಕಾಮಾಲೆ ಇಲ್ಲ, ಲಿವರ್ ಪರೀಕ್ಷೆ ಸರಿಯಾಗಿಯೇ ಇದೆ. ಈ ಭಾಗದಲ್ಲಿ ಇಂಥದ್ದಕ್ಕೆ ಬಾಣಾಮತಿ ಎಂಬ ಹೆಸರು ತಯಾರಾಗಿ ಕಾದಿರುತ್ತದೆ. ಭಾರತದ ಮಕ್ಕಳಲ್ಲಿ ದೊಡ್ಡ ಪ್ರಮಾಣದ ರಕ್ತವಾಂತಿಗೆ ಒಂದು ಪ್ರಮುಖ ಕಾರಣ ಬೇರೆಯೇ ಇದೆ: ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳ ಶೈಶವದಲ್ಲೇ ಹೆಪ್ಪುಗಟ್ಟಿ ಮುಚ್ಚಿಹೋಗಿರುವುದು. ಲಿವರ್ ಚೆನ್ನಾಗಿರುತ್ತದೆ, ದಾರಿ ಮಾತ್ರ ಬಂದ್. ಮಗುವಿನ ಎಡ ಪಕ್ಕೆ ಮುಟ್ಟಿದರೆ ದೊಡ್ಡ ಗುಲ್ಮ ಸಿಗುತ್ತದೆ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಲಿವರ್ ಸರಿಯಿರುವುದರಿಂದ ಇಂಥ ಮಕ್ಕಳು ಸರಿಯಾದ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಬೆಳೆಯುತ್ತಾರೆ. ತಾಯತಕ್ಕೆ ಹೋದ ಸಮಯ ಮಾತ್ರ ವಾಪಸ್ ಬರುವುದಿಲ್ಲ.

ಮೊದಲು ಏನು ವಾಂತಿಯಾಯಿತು?

ಮೊದಲ ನಾಲ್ಕೈದು ವಾಂತಿಯಲ್ಲಿ ಊಟ, ನೀರು, ಪಿತ್ತ ಬಂದು, ಓಕರಿಸಿ ಓಕರಿಸಿ ಕೊನೆಗೆ ರಕ್ತ ಬಂದರೆ ವೈದ್ಯರು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಾರೆ. ಓಕರಿಕೆಯ ರಭಸಕ್ಕೆ ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಒಳಪದರ ಸೀಳಿರಬಹುದು. ಬಾಸ್ಟನ್‌ನ ಮಾಲರಿ ಮತ್ತು ವೈಸ್ ಎಂಬ ಇಬ್ಬರು ವೈದ್ಯರು 1929ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಈ ಸೀಳಿಗೆ ಉಳಿದಿದೆ. ಹೆಚ್ಚಿನವು ತಾವಾಗಿ ಮಾಯುತ್ತವೆ. ವೇರಿಸಸ್‌ನಲ್ಲಿ ಹಾಗಲ್ಲ, ಮೊದಲ ವಾಂತಿಯೇ ರಕ್ತವಾಗಿರಬಹುದು. ಒಂದೇ ಪ್ರಶ್ನೆ, ಎರಡು ದಿಕ್ಕು. ಇದನ್ನು ಹೇಳಬಲ್ಲವರು ಆಗ ಪಕ್ಕದಲ್ಲಿದ್ದು ಬೆನ್ನು ನೀವಿದವರು ಮಾತ್ರ.

ರಾಯಚೂರು ಸೀಮೆಗೆ ಇದರ ಜೊತೆ ಇನ್ನೊಂದು ಸೇರಿಸಬೇಕು: ಸೇಂದಿ. ಜಿಲ್ಲೆಯ ಅಬಕಾರಿ ಮತ್ತು ಪೊಲೀಸ್ ದಾಳಿಗಳ ಸುದ್ದಿಯಲ್ಲಿ ಸಿ.ಎಚ್. ಪೌಡರ್ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಅದು ಕ್ಲೋರಲ್ ಹೈಡ್ರೇಟ್, 19ನೇ ಶತಮಾನದಲ್ಲಿ ನಿದ್ದೆಗೆಂದು ಬಳಕೆಗೆ ಬಂದ ರಾಸಾಯನಿಕ. ಮರದಿಂದ ಇಳಿಸಿದ್ದೇ ಅಲ್ಲದ ನೀರಿಗೆ ಇದನ್ನು ಬೆರೆಸಿ ಅಮಲಿನ ಹೆಂಡವೆಂದು ಮಾರುತ್ತಾರೆ. ಇದು ಜಠರದ ಒಳಪದರವನ್ನು ಕೆರಳಿಸಿ ಸುಡಬಲ್ಲದು, ರಕ್ತ ಸೋರಿಸಬಲ್ಲದು, ಹೃದಯದ ಬಡಿತವನ್ನೂ ಕೆಡಿಸಬಲ್ಲದು. ಅಮಲಿನಲ್ಲಿರುವವರು ಮಲಗಿದಲ್ಲೇ ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ಡಾಕ್ಟರಿಗೆ ಕುಡಿದಿದ್ದರು ಎಂದಷ್ಟೇ ಹೇಳಿದರೆ ಸಾಲದು, ಏನು ಕುಡಿದಿದ್ದರು ಎಂದೂ ಹೇಳಬೇಕು. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದ ಅನುಮಾನ ಒಂದಿಷ್ಟಾದರೂ ಇದ್ದರೆ ಅದನ್ನಂತೂ ಮುಚ್ಚಿಡಲೇಬಾರದು, ಡಬ್ಬಿಯನ್ನೂ ತರಬೇಕು.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ತಿಂಗಳುಗಳಿಂದ ತೂಕ ಇಳಿಯುತ್ತಿದ್ದು, ರೊಟ್ಟಿ ನುಂಗಲು ಕಷ್ಟವಾಗಿ ಅಂಬಲಿ, ಗಂಜಿಗೆ ಇಳಿದಿದ್ದರೆ ಗಡ್ಡೆಯ ಅನುಮಾನ. ಡಯಾಲಿಸಿಸ್‌ನಲ್ಲಿರುವವರಿಗೆ ಒಳಪದರದ ದುರ್ಬಲ ರಕ್ತನಾಳಗಳು. ಹಿಂದೊಮ್ಮೆ ಇದೇ ಆಗಿದ್ದರೆ ಹಳೆಯ ಎಂಡೋಸ್ಕೋಪಿ ಚೀಟಿಯೇ ದೊಡ್ಡ ಸಾಕ್ಷಿ. ಆದರೆ ಹಿಂದಿನ ಕಾರಣವೇ ಈಗಲೂ ಇರಬೇಕೆಂದಿಲ್ಲ.

ಹೇಗಿದ್ದರೂ ಪೈಪು ಹಾಕಿ ನೋಡುತ್ತಾರಲ್ಲ, ಅಂದಾಜು ಏಕೆ?

ಈ ಪ್ರಶ್ನೆ ನ್ಯಾಯವಾದದ್ದು. ಎಂಡೋಸ್ಕೋಪಿ ಬಹುತೇಕ ಸಂದರ್ಭಗಳಲ್ಲಿ ರಕ್ತದ ಮೂಲವನ್ನು ಕಣ್ಣಿಗೆ ತೋರಿಸುತ್ತದೆ. ಅದೇ ಹೊತ್ತಿಗೆ ಹುಣ್ಣಿನ ನಾಳಕ್ಕೆ ಕ್ಲಿಪ್, ವೇರಿಸಸ್‌ಗೆ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಲೂ ಬರುತ್ತದೆ. ಪೈಪು ಹಾಕಿ ದುಡ್ಡು ಕೀಳುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ, ಏಕೆಂದರೆ ಆ ಪೈಪಿನಲ್ಲೇ ಚಿಕಿತ್ಸೆಯೂ ಇದೆ.

ಆದರೆ ಅದಕ್ಕೂ ಮುಂಚಿನ ಗಂಟೆಗಳಿವೆ. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸಾಮಾನ್ಯವಾಗಿ 24 ಗಂಟೆಯೊಳಗೆ, ವೇರಿಸಸ್ ಅನುಮಾನವಿದ್ದರೆ 12 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಎನ್ನುತ್ತವೆ. ಇನ್ನೂ ಬೇಗ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ? ಹಾಂಗ್‌ಕಾಂಗ್‌ನಲ್ಲಿ ಹೆಚ್ಚಿನ ಅಪಾಯದ 516 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 6 ಗಂಟೆಯೊಳಗೆ ಮಾಡಿದ್ದರಿಂದ, 6ರಿಂದ 24 ಗಂಟೆಯ ನಡುವೆ ಮಾಡಿದ್ದಕ್ಕಿಂತ ಸಾವು ಕಡಿಮೆಯಾಗಲಿಲ್ಲ. ಮೊದಲು ರಕ್ತದೊತ್ತಡ ಹಿಡಿದು ನಿಲ್ಲಿಸಬೇಕು, ಆಮೇಲೆ ಪೈಪು. ಆಸ್ಪತ್ರೆಯಲ್ಲಿ ತಕ್ಷಣ ಎಂಡೋಸ್ಕೋಪಿಗೆ ಕರೆದೊಯ್ಯಲಿಲ್ಲ ಎಂದು ಜಗಳಕ್ಕೆ ನಿಲ್ಲುವ ಮೊದಲು ಇದು ಗೊತ್ತಿರಲಿ.

ಆ ಗಂಟೆಗಳಲ್ಲಿ ಕೊಡುವ ಔಷಧಿ ಅಂದಾಜಿನ ಮೇಲೆ ನಿಂತಿದೆ. ವೇರಿಸಸ್ ಎನಿಸಿದರೆ ಆ ನಾಳಗಳ ಒತ್ತಡ ಇಳಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಕೂಡಲೇ ಶುರುವಾಗಬೇಕು, ಜೊತೆಗೆ ಆಂಟಿಬಯಾಟಿಕ್. ರಕ್ತಸ್ರಾವಕ್ಕೆ ಆಂಟಿಬಯಾಟಿಕ್ ಏಕೆ ಎಂದು ನಮಗೂ ಮೊದಲು ಅನಿಸಿತ್ತು. ಲಿವರ್ ಕೆಟ್ಟವರಿಗೆ ಇಂಥ ಹೊತ್ತಿನಲ್ಲಿ ಸೋಂಕು ತಗಲುವುದು ಹೆಚ್ಚು, ಅದನ್ನು ತಡೆದರೆ ಸಾವು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅಲ್ಸರ್ ಎನಿಸಿದರೆ ಆಮ್ಲ ತಗ್ಗಿಸುವ ಇಂಜೆಕ್ಷನ್. ರಕ್ತ ಏರಿಸುವುದರಲ್ಲೂ ಲೆಕ್ಕವಿದೆ. ಬಾರ್ಸಿಲೋನಾದಲ್ಲಿ 921 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮೊಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟ ಗುಂಪಿನಲ್ಲಿ ಬದುಕುಳಿದವರು ಹೆಚ್ಚು. ಜಾಸ್ತಿ ರಕ್ತ ತುಂಬಿದರೆ ಉಬ್ಬಿದ ನಾಳಗಳ ಒತ್ತಡ ಮತ್ತೆ ಏರುತ್ತದೆ. ನಾಲ್ಕು ಬಾಟಲಿ ಏರಿಸಿ ಸರ್ ಎಂದು ಒತ್ತಾಯಿಸುವುದು ರೋಗಿಗೆ ಉಪಕಾರವಾಗದಿರಬಹುದು.

ರಕ್ತ ನಿಲ್ಲಿಸಲು ಟ್ರನೆಕ್ಸಾಮಿಕ್ ಆಸಿಡ್ ಕೊಡಿ ಎನ್ನುವ ಸಲಹೆಯೂ ತಿರುಗುತ್ತದೆ. 12,009 ರೋಗಿಗಳ ಹಾಲ್ಟ್-ಇಟ್ ಅಧ್ಯಯನ 2020ರಲ್ಲಿ ಬಂತು. ಜೀರ್ಣಾಂಗದ ರಕ್ತಸ್ರಾವದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ, ಬದಲಿಗೆ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವುದು ಹೆಚ್ಚಿತು.

ಅಂದಾಜು ತಪ್ಪುವುದಿಲ್ಲವೇ? ತಪ್ಪುತ್ತದೆ. ಲಿವರ್ ಕೆಟ್ಟವರಿಗೂ ಅಲ್ಸರ್‌ನಿಂದ ರಕ್ತ ಸೋರಬಹುದು. ಕುಡಿಯುವವರೂ ನೋವಿನ ಗುಳಿಗೆ ತಿನ್ನುತ್ತಾರೆ, ನಮ್ಮ ಯಾಪಲದಿನ್ನಿಯ ಹಿರಿಯರಂತೆ. ಹಾಗಾಗಿ ವೈದ್ಯರು ಹಲವು ಸಲ ಎರಡೂ ದಿಕ್ಕಿನ ಔಷಧಿ ಶುರು ಮಾಡಿ, ಎಂಡೋಸ್ಕೋಪಿ ಆದಮೇಲೆ ಬೇಡದ್ದನ್ನು ನಿಲ್ಲಿಸುತ್ತಾರೆ. ಕಾರಣಕ್ಕಿಂತ ಅಪಾಯವನ್ನು ಅಳೆಯಲು ಬೇರೆ ಅಳತೆಗೋಲಿದೆ. 2000ದಲ್ಲಿ ಪ್ರಕಟವಾದ ಗ್ಲಾಸ್ಗೋ-ಬ್ಲಾಚ್‌ಫೋರ್ಡ್ ಅಂಕ ರಕ್ತದ ಯೂರಿಯಾ, ಹಿಮೊಗ್ಲೋಬಿನ್, ರಕ್ತದೊತ್ತಡ, ನಾಡಿ, ಕಪ್ಪು ಮಲ, ತಲೆ ತಿರುಗಿ ಬಿದ್ದದ್ದು, ಲಿವರ್ ಮತ್ತು ಹೃದಯದ ಕಾಯಿಲೆ ಇವನ್ನು ಕೂಡಿಸುತ್ತದೆ. 0 ಅಥವಾ 1 ಬಂದರೆ ಸಾಮಾನ್ಯವಾಗಿ ಮನೆಗೆ ಕಳಿಸಿ ಆಮೇಲೆ ಪರೀಕ್ಷಿಸಬಹುದು. ವಾಂತಿಯ ಬಣ್ಣಕ್ಕೆ ಇದರಲ್ಲಿ ಅಂಕವೇ ಇಲ್ಲ. ಯೂರಿಯಾ ಏಕೆ ಎಂದರೆ, ಕರುಳಿಗಿಳಿದ ರಕ್ತವೂ ದೇಹಕ್ಕೆ ಒಂದು ಮಾಂಸದೂಟವಿದ್ದಂತೆ. ಅದರ ಪ್ರೋಟೀನ್ ಜೀರ್ಣವಾಗಿ ಯೂರಿಯಾ ಏರುತ್ತದೆ. ಮೊದಲ ಗಂಟೆಗಳಲ್ಲಿ ಹಿಮೊಗ್ಲೋಬಿನ್ ಇಳಿದೇ ಇರದಿರಬಹುದು, ಅದಕ್ಕೇ ರಿಪೋರ್ಟ್ ನಾರ್ಮಲ್ ಇದೆ ಎಂದು ನಡುದಾರಿಯಿಂದ ಮನೆಗೆ ತಿರುಗಬಾರದು.

ಹಾಲು, ಐಸ್ ನೀರು ಮತ್ತು ನಿಂತುಹೋದ ರಕ್ತ

ನಮ್ಮಜ್ಜಗ ತಣ್ಣನ ಹಾಲು ಕೊಟ್ಟೀವಿ, ನಿಂತುಬಿಡ್ತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮೇಲ್ಭಾಗದ ರಕ್ತಸ್ರಾವಗಳಲ್ಲಿ ಹೆಚ್ಚಿನವು ಮೊದಲ ಸಲ ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿಗೆ ಕೈಯಲ್ಲಿದ್ದದ್ದು ಹಾಲಾದರೆ ಹೆಸರು ಹಾಲಿಗೆ, ನಿಂಬೆಯಾದರೆ ನಿಂಬೆಗೆ. ವೈದ್ಯರೂ ಇದೇ ತಪ್ಪು ಮಾಡಿದ್ದರು. 1915ರಲ್ಲಿ ಶಿಕಾಗೋದ ಬರ್ಟ್ರಾಮ್ ಸಿಪ್ಪಿ ಅಲ್ಸರ್‌ಗೆ ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕುಡಿಸುವ ಪಥ್ಯ ಹೇಳಿದರು, ಅದು ದಶಕಗಳ ಕಾಲ ನಡೆಯಿತು. ಜಠರವನ್ನು ಐಸ್ ನೀರಿನಲ್ಲಿ ತೊಳೆಯುವ ಪದ್ಧತಿಯೂ ಆಸ್ಪತ್ರೆಗಳಲ್ಲಿತ್ತು. ಉಪಯೋಗ ಕಾಣದೆ ಕೈಬಿಟ್ಟರು. ನಿಂತ ರಕ್ತ ಮತ್ತೆ ಶುರುವಾಗುವ ಅಪಾಯ ಮೊದಲ ಮೂರು ದಿನಗಳಲ್ಲಿ ಹೆಚ್ಚು. ಹಾಲು ಕುಡಿದು ಮಲಗಿದವರು ಕಳೆದುಕೊಳ್ಳುವುದು ಆ ಮೂರು ದಿನಗಳನ್ನು. ಹೊಟ್ಟೆಯಲ್ಲಿ ಹಾಲು ತುಂಬಿದ್ದರೆ ಎಂಡೋಸ್ಕೋಪಿಯಲ್ಲಿ ಏನೂ ಕಾಣುವುದಿಲ್ಲ ಎನ್ನುವ ತೊಂದರೆಯೂ ಇದೆ.

ಹಾಗಾಗಿ ಬಾಯಿಗೆ ಏನನ್ನೂ ಕೊಡಬೇಡಿ. ಎಡ ಮಗ್ಗುಲಿಗೆ ಮಲಗಿಸಿ, ವಾಂತಿಯಾದರೆ ಬಾಯಿ ಸ್ವಚ್ಛ ಮಾಡಿ, 108ಕ್ಕೆ ಕರೆ ಮಾಡುವಾಗ ರಕ್ತವಾಂತಿ ಎಂದೇ ಸ್ಪಷ್ಟವಾಗಿ ಹೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಂಡೋಸ್ಕೋಪಿ ಇರುವುದಿಲ್ಲ, ಆದರೆ ಸಲೈನ್ ಹಚ್ಚಿ ಮುಂದೆ ಕಳಿಸುವುದು ಅಲ್ಲಿ ಆಗುತ್ತದೆ. ದೇವದುರ್ಗ, ಮಾನ್ವಿಯವರಿಗೆ ತಾಲ್ಲೂಕು ಆಸ್ಪತ್ರೆ ಆ ಕೆಲಸ ಮಾಡುತ್ತದೆ. ರಾಯಚೂರಿನಲ್ಲಿ ರಿಮ್ಸ್ ಇದೆ, ಜನ ಒಪೆಕ್ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದೆ. ರಾತ್ರಿ ಎಂಡೋಸ್ಕೋಪಿ ಎಲ್ಲಿ ಆಗುತ್ತದೆ ಎಂದು ಕಳಿಸುವ ಡಾಕ್ಟರನ್ನೇ ಫೋನ್ ಮಾಡಿ ಕೇಳಲು ಹೇಳಿ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆಯುವುದು ತಪ್ಪುತ್ತದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ಗಾಡಿ ಬರುವಷ್ಟರಲ್ಲಿ ಮನೆಯಲ್ಲಿ ಒಬ್ಬರು ರೋಗಿಯನ್ನು ಬಿಟ್ಟು ಬೇರೆ ಕೆಲಸ ಮಾಡಬೇಕು. ಮಾಡದಲ್ಲಿ, ಹಾಸಿಗೆ ಕೆಳಗೆ, ಅಂಗಿ ಕಿಸೆಯಲ್ಲಿ ಇರುವ ಗುಳಿಗೆಗಳನ್ನೆಲ್ಲ ಒಂದು ಕವರಿಗೆ ಹಾಕಿ. ಖಾಲಿ ಶೀಟನ್ನೂ ಬಿಡಬೇಡಿ. ಹೆಸರಿಲ್ಲದ ಬಿಡಿ ಗುಳಿಗೆಯಾದರೆ ಕಾಗದದ ಪೊಟ್ಟಣದ ಸಮೇತ ತನ್ನಿ, ಕೊಟ್ಟವರ ಫೋನ್ ನಂಬರ್ ಬರೆದುಕೊಳ್ಳಿ. ವಾಂತಿಯ ಫೋಟೊ ಒಂದು ಸಾಕು. ಅದನ್ನು ಗ್ರೂಪಿಗೆ ಹಾಕುವುದು ಬೇಡ, ಡಾಕ್ಟರಿಗೆ ತೋರಿಸಿ. ಎಲ್ಲರೆದುರು ಹೇಳಲಾಗದ ಮಾತಿದ್ದರೆ ಸಿಸ್ಟರನ್ನು ಪಕ್ಕಕ್ಕೆ ಕರೆದು ಹೇಳಬಹುದು. ಅದೂ ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಆ ಗುಳಿಗೆಯ ಕವರಿನೊಳಗೇ ಇಟ್ಟು ಕೊಡಿ: ಮೊಣಕಾಲಿಗೆ ದಿನಾ ಎರಡು ಗುಳಿಗಿ, ಸಂಜಿಗೆ ಸೇಂದಿ, ಹತ್ತು ವರ್ಷಾತು.